ಒಂದೇ ರೊಪ್ಪಕ್ಕೆ ಕೂಡಿದ ನೊಣಗಳು

ನಿವೃತ್ತಿಯಾದಾಗ ನನಗೆ ಮೂವತ್ನಾಲ್ಕು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಅಷ್ಟು ಅವಕಾಶ ಸಿಗುವುದಿಲ್ಲ. ಅರವತ್ತಕ್ಕೆ ನಿವೃತ್ತರಾದವರಿಗೆ ಪಿಂಚಣಿ ಬರುತ್ತದೆ, ಮಂಡಿನೋವು ಬರುತ್ತದೆ, ಅನುಭವ ಬರೆಯುವ ಹುಕಿ ಬರುತ್ತದೆ. ನನಗೆ ಮೂರನೆಯದು ಮಾತ್ರ ಬಂತು. ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ಆಡಳಿತ ಮಂಡಳಿಯವರು ನನ್ನನ್ನು ನಿಜಕ್ಕೂ ಅತಿಥಿಯಂತೆಯೇ ನಡೆಸಿಕೊಂಡರು. ಬಂದಾಗ ನೀರು ಕೊಟ್ಟರು, ಹೊರಟಾಗ ತಡೆಯಲಿಲ್ಲ.

ಈಗ ಬೀರೂರಿನಲ್ಲಿದ್ದುಕೊಂಡು ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುತ್ತೇನೆ. ಊಟದ ಸಾಲಿನಲ್ಲಿ ಆಗಾಗ ಎಂ.ಎಸ್ಸಿ. ಮುಗಿಸಿದ ಹುಡುಗರು ಸಿಕ್ಕಿ, "ಸಾರ್, ಗೆಸ್ಟ್ ಲೆಕ್ಚರರ್ ಕೆಲಸ ಹೆಂಗಿರುತ್ತೆ?" ಎನ್ನುತ್ತಾರೆ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಮೂರು ಊರು, ಮೂರು ಕಾಲೇಜು. ಹೆಚ್ಚಿನ ಪಾಠ ಕಡೂರಿನ ಒಂದು ಖಾಸಗಿ ಕಾಲೇಜಿನಲ್ಲಿ. ವಾರಕ್ಕೊಂದು ದಿನ ತರೀಕೆರೆ, ಇನ್ನೊಂದು ದಿನ ಅಜ್ಜಂಪುರ. ಕಡೂರಿನಲ್ಲಿ ಬೆವರು ಒರೆಸಿಕೊಂಡು ಜೀವಕೋಶದ ಪಾಠ, ತರೀಕೆರೆಯಲ್ಲಿ ಛತ್ರಿ ಕೊಡವಿ ಅದೇ ಜೀವಕೋಶ, ಅಜ್ಜಂಪುರದಲ್ಲಿ ಬಸ್ಸು ತಡವಾಗಿ ಅರ್ಧ ಜೀವಕೋಶ. ಉಳಿದರ್ಧವನ್ನು ಅಲ್ಲಿನ ಮಕ್ಕಳು ಇಂದಿಗೂ ಕಾಯುತ್ತಿರಬಹುದು.

ನಾನು ಸೇರುವ ಹೊತ್ತಿಗೆ ಕಪ್ಪೆ ಕೊಯ್ಯಿಸುವುದು ನಿಂತಿತ್ತು. ನಿಂತದ್ದು ಒಳ್ಳೆಯದೇ. ಅದರ ಬದಲಿಗೆ ಕಂಪ್ಯೂಟರಿನ ಕಪ್ಪೆ ಬಂತು. ಗುಂಡಿ ಒತ್ತಿದರೆ ಹೊಟ್ಟೆ ತೆರೆಯುತ್ತಿತ್ತು, ಕರೆಂಟು ಹೋದರೆ ಪ್ರಾಣ ಬಿಡುತ್ತಿತ್ತು. ಒಂದು ಮಧ್ಯಾಹ್ನ ಹೃದಯದ ಕವಾಟ ತೋರಿಸುತ್ತಿರುವಾಗಲೇ ಕರೆಂಟು ಹೋಯಿತು. ಕತ್ತಲಾದ ಪರದೆಯ ಮುಂದೆ ಹಿಂದಿನ ಬೆಂಚಿನವನೊಬ್ಬ "ವಟರ್" ಎಂದ. ನನಗೆ ಸಿಟ್ಟು ಬಂತು. ತಪ್ಪಾಗಿ ಕೂಗಿದ್ದ.

"ಲೇ, ಅದು ಕೆರೆ ಕಪ್ಪೆ ಕಣೋ. ಪುಸ್ತಕದಲ್ಲಿರೋದು ಗೋಂಕರು ಕಪ್ಪೆ. ಅದು ಹಿಂಗೆ" ಎಂದು ಗಂಟಲು ಉಬ್ಬಿಸಿ ಕೂಗಿ ತೋರಿಸಿದೆ. ತರಗತಿ ಮೌನವಾಯಿತು. ವಿದ್ಯೆಗೆ ಸಂದ ಗೌರವ ಅಂದುಕೊಂಡು ತಿರುಗಿದರೆ ಬಾಗಿಲಲ್ಲಿ ಪ್ರಿನ್ಸಿಪಾಲರು.

ನಮ್ಮ ಕಡೂರಿನ ಪ್ರಿನ್ಸಿಪಾಲರು ಪ್ರತಿ ಮಾತಿಗೂ ಮೊದಲು ಗಂಟಲು ಸರಿಪಡಿಸಿಕೊಂಡು "ವಿಷಯ ಏನಪ್ಪಾ ಅಂದ್ರೆ" ಎನ್ನುತ್ತಿದ್ದರು. ಆ ದಿನವೂ ಅಂದರು. "ಹ್ಹುಂ. ವಿಷಯ ಏನಪ್ಪಾ ಅಂದ್ರೆ, ಇದೇನ್ರೀ ಇದು?"

"ಪ್ರಾತ್ಯಕ್ಷಿಕೆ ಸಾರ್."

"ಹ್ಹುಂ. ಕಾರಿಡಾರ್ ತನಕ ಕೇಳಿಸ್ತಿದೆ ನಿಮ್ಮ ಪ್ರಾತ್ಯಕ್ಷಿಕೆ."

ಅವರು ಹೋದ ಮೇಲೆ ಅವರ ದನಿಯಲ್ಲೇ ಉಳಿದ ಪಾಠ ಮುಗಿಸಿದೆ. ಆ ವರ್ಷ ಹೃದಯದ ಪ್ರಶ್ನೆಗೆ ಎಲ್ಲರೂ ಉತ್ತರ ಬರೆದರು. ಹೊಸಬರಿಗೆ ನನ್ನ ಮೊದಲ ಕಿವಿಮಾತು: ಮೇಲಿನವರ ದನಿ ಕಲಿಯಿರಿ, ಪಾಠಕ್ಕೆ ಉಪಯೋಗವಾಗುತ್ತದೆ.

ವಿಭಾಗದ ಮುಖ್ಯಸ್ಥರು ರುದ್ರಪ್ಪ ಸರ್. ಹಣೆಯ ಮೇಲೆ ಅಡ್ಡ ವಿಭೂತಿ, ಕೈಯಲ್ಲಿ ಸೀಮೆಸುಣ್ಣ, ಬೋರ್ಡಿನ ತುಂಬ ಜೀವವಿಕಾಸದ ಕವಲುಮರ. "ಸಾರ್, ನೀವು ಪೂಜೇನೂ ಮಾಡ್ತೀರ, ಇದನ್ನೂ ಹೇಳ್ತೀರ" ಎಂದು ಒಮ್ಮೆ ನಾನೇ ಕೆಣಕಿದೆ. "ಮನೇಲಿ ಅಪ್ಪನ ಮಾತು ಕೇಳ್ತೀನಪ್ಪ, ಇಲ್ಲಿ ನೊಣದ ಮಾತು ಕೇಳ್ತೀನಿ. ಇಬ್ರೂ ಇನ್ನೊಬ್ರ ವಿಷಯ ಎತ್ತಲ್ಲ. ನೀನ್ಯಾಕೆ ಎತ್ತೀಯ?" ಎಂದರು. ಅವರ ದನಿಯನ್ನು ನಾನು ಎಷ್ಟು ಅಭ್ಯಾಸ ಮಾಡಿದರೂ ಬರಲಿಲ್ಲ. ಅದರಲ್ಲಿ ಅಣಕಿಸಲು ಹಿಡಿಯುವಂಥದ್ದು ಏನೂ ಇರಲಿಲ್ಲ.

ಎರಡನೇ ವರ್ಷದ ಬಿ.ಎಸ್ಸಿ. ತರಗತಿಯಲ್ಲಿ ಪಂಚನಹಳ್ಳಿಯ ಪ್ರಸನ್ನ ಎಂಬ ಹುಡುಗನಿದ್ದ. ಅವನಿಗೆ ಉತ್ತರಗಳಿಗಿಂತ ಅಡ್ಡಪ್ರಶ್ನೆಗಳು ಇಷ್ಟ. ರುದ್ರಪ್ಪ ಸರ್ ಹಣ್ಣಿನ ನೊಣದ ಪಾಠ ಮಾಡುವಾಗ ಎದ್ದು ನಿಂತ.

"ಸಾರ್, ನೊಣನ ಬಾಟ್ಲೀಗೆ ಹಾಕಿ ನೀವು ಏನೇ ಮಾಡಿ, ಕೊನೇಗೆ ಆಚೆ ಬರೋದು ನೊಣನೇ. ಇದ್ರಿಂದ ಜೀವವಿಕಾಸಕ್ಕೆ ಆಧಾರ ಹೆಂಗೆ ಸಿಗುತ್ತೆ?"

ಮುಂದಿನ ಬೆಂಚಿನಿಂದ ಚಂದ್ರಕಲಾ ತಿರುಗಿದಳು. ಯಗಟಿ ಕಡೆಯವಳು, ಕುರಿ ಸಾಕುವ ಮನೆಯವಳು. ಕಡೂರಿನಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. "ಮತ್ತೇನು, ಹಸು ಬರ್ಬೇಕಿತ್ತಾ?" ಎಂದಳು.

ತರಗತಿ ನಕ್ಕಿತು. ರುದ್ರಪ್ಪ ಸರ್ ನಗಲಿಲ್ಲ. ಪ್ರಸನ್ನ ಕೇಳಿದ್ದು ಅರ್ಧ ಸರಿ ಎಂದರು. ಕೋಟ್ಯಂತರ ವರ್ಷಗಳ ಚರಿತ್ರೆ ಬಾಟಲಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಕಲ್ಲಿನಲ್ಲಿ ಉಳಿದ ಮೂಳೆಗಳ ಬಳಿ ಹೋಗಬೇಕು. ಬಾಟಲಿಯಲ್ಲಿ ಸಿಗುವುದು ಒಂದು ಸಣ್ಣ ಉತ್ತರ. ಕೆಲವನ್ನು ಉಳಿಸಿ ಕೆಲವನ್ನು ಅಳಿಸುತ್ತ ಹೋದರೆ, ಉಳಿದವುಗಳ ಗುಣ ಮಕ್ಕಳು ಮೊಮ್ಮಕ್ಕಳಲ್ಲಿ ಹೆಚ್ಚುತ್ತದೆಯೋ ಇಲ್ಲವೋ? "ಅಷ್ಟನ್ನಾದ್ರೂ ನಾವೇ ನೋಡೋಣ" ಎಂದರು. ಎಷ್ಟೋ ವರ್ಷ ಚಾರ್ಟು ನೋಡಿ ಪಾಠ ಮಾಡಿದ ಮನುಷ್ಯ. ಅವರ ಮುಖದಲ್ಲಿ ಆ ದಿನ ಹೊಸ ಸೈಕಲ್ ಸಿಕ್ಕವನ ಕಳೆಯಿತ್ತು.

ಪ್ರಯೋಗ ಸರಳ. ತರೀಕೆರೆಯ ಹಣ್ಣಿನಂಗಡಿಯ ಹಿಂಭಾಗದಿಂದ ನಾನು ಕೊಳೆತ ಬಾಳೆಹಣ್ಣಿನ ಬಾಟಲಿಯಲ್ಲಿ ನೊಣ ಹಿಡಿದು ತಂದೆ. ತೇವದ ಊರಿನ ನೊಣಕ್ಕೆ ಕಡೂರಿನ ಒಣಹವೆ ಕಲಿಸುವುದು ನಮ್ಮ ಉದ್ದೇಶ. ನೊಣಗಳನ್ನು ಎರಡು ವಂಶವಾಗಿ ಭಾಗ ಮಾಡಿದೆವು. ಒಂದಕ್ಕೆ "ಒಣ ಸಾಲು" ಎಂದು ಹೆಸರು. ಪ್ರತಿ ತಲೆಮಾರಿನಲ್ಲೂ ಅವನ್ನು ತೇವ ಹೀರುವ ಹರಳುಗಳ ಜೊತೆ ಗಾಜಿನ ಕೊಳವೆಯಲ್ಲಿಡುವುದು, ಬಹುಪಾಲು ಸತ್ತು ಬೀಳುವ ತನಕ ಕಾಯುವುದು, ಇನ್ನೂ ನಿಂತಿರುವವುಗಳಿಂದ ಮಾತ್ರ ಮುಂದಿನ ತಲೆಮಾರು ಬೆಳೆಸುವುದು. ಎರಡನೆಯದು "ಹೋಲಿಕೆ ಸಾಲು". ಅದಕ್ಕೂ ಅದೇ ಬಾಟಲಿ, ಅದೇ ಊಟ. ಒಣಗಿಸುವ ಶಿಕ್ಷೆ ಮಾತ್ರ ಇಲ್ಲ. ಕೊನೆಗೆ ಎರಡೂ ಸಾಲಿನ ನೊಣಗಳನ್ನು ಒಟ್ಟಿಗೆ ಒಣಗಿಸಿದಾಗ ಒಣ ಸಾಲಿನವು ಹೆಚ್ಚು ಹೊತ್ತು ತಾಳಿದರೆ, ಆಯ್ಕೆ ಕೆಲಸ ಮಾಡಿದೆ ಎಂದರ್ಥ. ಹೋಲಿಕೆ ಸಾಲು ಇಲ್ಲದಿದ್ದರೆ ಯಾವ ಅರ್ಥವೂ ಇಲ್ಲ.

ನೊಣದ ಊಟವೆಂದರೆ ರವೆ, ಬೆಲ್ಲ, ಗಟ್ಟಿಯಾಗಲು ಅಗರ್, ಮೇಲೆ ಚಿಟಿಕೆ ಯೀಸ್ಟು. ಸ್ಟವ್ ಹಚ್ಚಿ ಕಲಕುವ ಕೆಲಸ ಚಂದ್ರಕಲಾಳದು. ಪಾಯಸದ ಪರಿಮಳ ಹಿಡಿದು ಕನ್ನಡ ವಿಭಾಗದವರು ಬಾಗಿಲಿಗೆ ಬರುತ್ತಿದ್ದರು. "ನೊಣಕ್ಕೆ ಇಟ್ಟು ಮಿಕ್ಕಿದ್ರೆ ಹೇಳ್ತೀವಿ ಸಾರ್" ಎಂದು ಅವಳು ಕಳಿಸುತ್ತಿದ್ದಳು. ಕೊಳವೆಯೊಳಗೆ ಸಾಲಾಗಿ ಬೀಳುವ ನೊಣಗಳನ್ನು ನೋಡಿ ನನಗೆ ತಮಾಷೆ ತೋಚುತ್ತಿತ್ತು, ಅವಳಿಗೆ ಸಂಕಟವಾಗುತ್ತಿತ್ತು. "ಇದಕ್ಕೆ ಹಿಂಸೆ ಅನ್ನಲ್ವಾ ಸಾರ್? ಕಪ್ಪೆಗೆ ಮಾತ್ರ ನಿಯಮನಾ?" ಎಂದು ಕೇಳಿದಳು. ನಾನು ನೊಣದ ದನಿಯಲ್ಲಿ "ವಿಜ್ಞಾನಕ್ಕಾಗಿ ಪ್ರಾಣಾರ್ಪಣೆ" ಎಂದೆ. ಅವಳು ಬಿದ್ದವುಗಳನ್ನು ಬ್ರಷ್ಷಿನಲ್ಲಿ ಒಂದು ಕಡೆ ಸರಿಸಿದಳು.

ಆ ವರ್ಷ ಪ್ರಾಣಿಶಾಸ್ತ್ರಕ್ಕೆ ಸೇರಿದವರು ತೀರ ಕಡಿಮೆ. ವಿಭಾಗ ಮುಚ್ಚಿ ಅಲ್ಲಿ ಕಂಪ್ಯೂಟರ್ ಕೋರ್ಸು ತೆರೆಯಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತಾಯಿತು. ಮುಚ್ಚಿದರೆ ನನ್ನ ಕೆಲಸ ಹೋಗುತ್ತದೆ. ಅದು ಬಿಡಿ, ನಾನು ಅತಿಥಿ. ಚಂದ್ರಕಲಾ ಮೂರನೇ ವರ್ಷಕ್ಕೆ ಶಿವಮೊಗ್ಗಕ್ಕೆ ಹೋಗಬೇಕಾಗುತ್ತಿತ್ತು, ಅಷ್ಟು ದೂರ ಕಳಿಸಲು ಅವರ ಮನೆಯವರು ಸಿದ್ಧರಿರಲಿಲ್ಲ. ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು.

ರುದ್ರಪ್ಪ ಸರ್ ನನ್ನನ್ನೂ ಕರೆದುಕೊಂಡು ಮಂಡಳಿಯ ಕಾರ್ಯದರ್ಶಿಗಳ ಕೊಬ್ಬರಿ ಮಂಡಿಗೆ ಹೋದರು. ಕಾರ್ಯದರ್ಶಿಗಳು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಮೂಟೆಗಳ ನಡುವೆ ಕುರ್ಚಿ ಹಾಕಿಸಿ, ಎಳನೀರು ಕೊಡಿಸಿ, ಪೂರ್ತಿ ಕೇಳಿಸಿಕೊಂಡರು.

"ನೋಡಿ ಮೇಷ್ಟ್ರೇ, ನನಗೆ ನೊಣ ಗೊತ್ತಿಲ್ಲ, ತೆಂಗು ಗೊತ್ತು. ಒಳ್ಳೆ ಮರದ ಕಾಯೇ ಸಸಿಗೆ ಇಡೋದು, ಒಪ್ತೀನಿ. ಅಲ್ಲಿಂದ ಮಂಗ ಮನುಷ್ಯ ಅಂತ ನೀವು ಹಾರ್ತೀರಲ್ಲ, ಅಲ್ಲಿ ನನ್ನ ಕಾಲು ನಡುಗುತ್ತೆ."

"ನಾವು ಹಾರಲ್ಲ ಯಜಮಾನ್ರೇ. ಒಂದು ಮೆಟ್ಲು ಮಾತ್ರ ತೋರಿಸ್ತೀವಿ" ಎಂದರು ರುದ್ರಪ್ಪ ಸರ್.

"ಹಂಗಾದ್ರೆ ದೀಪಾವಳಿ ಆದ್ಮೇಲೆ ಸುತ್ತಲಿನ ಪಿ.ಯು. ಮಕ್ಕಳನ್ನೆಲ್ಲ ಕರೀರಿ. ಪರ ವಿರೋಧ ಚರ್ಚೆ ಇಡಿ. ನಿಮ್ಮ ಎರಡು ಸಾಲಿನ ನೊಣನ ಸ್ಟೇಜ್ ಮೇಲೇ ಒಣಗ್ಸಿ ತೋರ್ಸಿ. ನನ್ನ ಮನಸ್ಸಿಗೆ ಹತ್ತಿದ್ರೆ ವಿಭಾಗ ಇರ್ಲಿ."

ಬರುವಾಗ ನಾನು ಕಾರ್ಯದರ್ಶಿಗಳ ದನಿಯಲ್ಲಿ "ನನ್ನ ಕಾಲು ನಡುಗುತ್ತೆ" ಎಂದೆ. ರುದ್ರಪ್ಪ ಸರ್ ಮೊದಲ ಬಾರಿಗೆ ಜೋರಾಗಿ ನಕ್ಕರು.

ನೊಣಗಳು ಕೈತುಂಬ ಇರಲಿಲ್ಲ. ಪರೀಕ್ಷೆ ಮಾಡಿದರೆ ಸಾಯುತ್ತವೆ ಎಂದು ನಡುವೆ ಎರಡು ಸಾಲನ್ನೂ ಹೋಲಿಸಿ ನೋಡಲಿಲ್ಲ. ಎಲ್ಲವನ್ನೂ ಚರ್ಚೆಯ ದಿನಕ್ಕೆ ಉಳಿಸಿಟ್ಟೆವು. ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಕಡೆ ಆಯುಧಪೂಜೆಗೆ ಬಸ್ಸು, ಲೇತು, ತಕ್ಕಡಿ, ಪಂಪ್‌ಸೆಟ್ಟು ಯಾವುದನ್ನೂ ಬಿಡುವುದಿಲ್ಲ. ನಮ್ಮ ಮೈಕ್ರೋಸ್ಕೋಪಿಗೂ ವರ್ಷಕ್ಕೊಮ್ಮೆ ವಿಭೂತಿ, ಕುಂಕುಮ, ಸೇವಂತಿಗೆ. ಆ ಸಲ ವಿಭಾಗದ ಅಳಿವು ಉಳಿವಿನ ವರ್ಷವೆಂದು ಎಲ್ಲರಿಗೂ ಭಕ್ತಿ ಸ್ವಲ್ಪ ಹೆಚ್ಚೇ ಇತ್ತು. ನೊಣದ ಬಾಟಲಿಗಳನ್ನು ಬೀರುವಿನಿಂದ ತೆಗೆದು ಪೂಜೆಯ ಮೇಜಿನ ಮೇಲೆ ಮುಂದೆಯೇ ಜೋಡಿಸಿದರು. ಕುಂಬಳಕಾಯಿ ಒಡೆದಾಯಿತು, ಚರುಪಿನ ಪ್ರಸಾದ ಹಂಚಿದ್ದಾಯಿತು. ನಾನು ಗಂಟೆಯ ದನಿ ಮಾಡಿದೆ. ನಾಲ್ಕು ದಿಕ್ಕಿಗೂ ಸಾಂಬ್ರಾಣಿ ಹಿಡಿದರು. ಆಮೇಲೆ ಧೂಪದ ಪಾತ್ರೆಯನ್ನು ಬಾಟಲಿಗಳ ಪಕ್ಕದಲ್ಲೇ ಇಟ್ಟು, ಹೊಗೆ ಒಳಗೇ ಆಡಲಿ ಎಂದು ಕಿಟಕಿ ಮುಚ್ಚಿ, ಬೀಗ ಹಾಕಿ, ರಜೆಗೆ ಹೊರಟೆವು.

ಮರುದಿನ ನಾನು ಬೀರೂರಿನ ಮನೆಯಲ್ಲಿ ಬನ್ನಿ ಹಂಚುತ್ತಿದ್ದೆ. ಚಂದ್ರಕಲಾ ಫೋನು ಮಾಡಿದಳು. ಊರಿಗೆ ಹೊರಡುವ ಮುಂಚೆ ನೊಣಗಳಿಗೆ ಹೊಸ ಊಟ ಹಾಕಲು ವಾಚ್‌ಮ್ಯಾನ್ ಹತ್ತಿರ ಬೀಗದ ಕೈ ಇಸಿದುಕೊಂಡು ಲ್ಯಾಬಿಗೆ ಹೋಗಿದ್ದಳು.

"ಸಾರ್, ಗಾಬರಿ ಆಗ್ಬೇಡಿ. ಹೊಗೆಗೆ ಎಲ್ಲಾ ಸತ್ತೋಗವೆ. ಮರಿಹುಳಾನೂ ಕಪ್ಪಗಾಗಿ ಬಿದ್ದವೆ. ಎರಡು ಸಾಲಲ್ಲೂ ಒಂದೊಂದು ಹಿಡಿಯಷ್ಟೂ ಉಳ್ದಿಲ್ಲ."

ಬನ್ನಿಯ ತಟ್ಟೆ ಕೆಳಗಿಟ್ಟೆ. "ಉಳಿದಿರೋವು?"

"ಉಳ್ದಿರೋವನ್ನ ಉಳಿಸ್ಕಂಡೆ ಸಾರ್!" ಅವಳ ದನಿಯಲ್ಲಿ ಗೆಲುವಿತ್ತು. "ಅಲ್ಲೊಂದು ಇಲ್ಲೊಂದು ಒಂಟಿ ಕೂತಿದ್ವು. ಎರಡೂ ಕಡೇವನ್ನ ಹೊಸ ಊಟದ ಬಾಟ್ಲೀಗೆ ಒಟ್ಟಿಗೆ ಕೂಡ್ಬಿಟ್ಟೆ. ಈಗ ಓಡಾಡ್ತಾವೆ."

"ಎರಡೂ ಕಡೇವನ್ನ?" ಎಂದೆ. ಆಮೇಲೆ ಆ ಕಡೆಯಿಂದ, "ಅಯ್ಯೋ ಸಾರ್. ಹೋಲಿಕೆ ಸಾಲು" ಎಂಬಷ್ಟು ಮಾತ್ರ ಕೇಳಿಸಿತು.

ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಹೋಲಿಕೆ ಸಾಲಿನ ಮಹತ್ವವನ್ನು ಪರೀಕ್ಷೆಯಲ್ಲಿ ನನಗಿಂತ ಚೆನ್ನಾಗಿ ಬರೆದಿದ್ದಳು. ಆದರೆ ಅವರ ಮನೆಯಲ್ಲಿ ರೋಗ ಬಂದು ಮಂದೆ ಕರಗಿದಾಗ, ಅಣ್ಣನದು ತಮ್ಮನದು ಅನ್ನದೆ ಉಳಿದ ಕುರಿಗಳನ್ನೆಲ್ಲ ಒಂದೇ ರೊಪ್ಪಕ್ಕೆ, ಒಂದೇ ಬೇಲಿಯೊಳಗೆ, ಕೂಡುತ್ತಾರೆ. ಒಂಟಿ ಬಿಟ್ಟರೆ ಕುರಿ ಮೇವು ಬಿಟ್ಟು ಕೊರಗಿ ಸಾಯುತ್ತದೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಕೈ ಮಾಡಿಬಿಟ್ಟಿತ್ತು. ತಲೆ ಆಮೇಲೆ ಬಂತು.

ರಜೆ ಮುಗಿದ ಮೇಲೆ ಪ್ರಿನ್ಸಿಪಾಲರ ಕೊಠಡಿಯಲ್ಲಿ ನಾವು ಮೂವರೂ ನಿಂತೆವು.

"ಹ್ಹುಂ. ವಿಷಯ ಏನಪ್ಪಾ ಅಂದ್ರೆ, ಎರಡು ಟ್ಯೂಬ್ ಇಡ್ರಿ. ಒಂದಕ್ಕೆ ಹರಳು ಜಾಸ್ತಿ ಹಾಕ್ರಿ, ಇನ್ನೊಂದಕ್ಕೆ ಕಮ್ಮಿ. ಒಂದರಲ್ಲಿ ಬೇಗ ಸಾಯ್ತವೆ. ನೊಣದ ಮುಖ ನೋಡಿ ಯಾವ ಸಾಲು ಅಂತ ಯಾರ್ರೀ ಹೇಳ್ತಾರೆ?"

ಅವರೂ ವಿಭಾಗ ಉಳಿಸಲೆಂದೇ ಹೇಳಿದ್ದು. ನನಗೂ ಅದು ಕೆಟ್ಟ ಉಪಾಯವೆನಿಸಲಿಲ್ಲ. ಪಾಠಕ್ಕೆ ಬೇರೆಯವರ ದನಿ ಮಾಡುವವನಿಗೆ ಬೇರೆ ಸಾಲಿನ ನೊಣ ಮಾಡುವುದು ಎಷ್ಟರದ್ದು? ರುದ್ರಪ್ಪ ಸರ್ ಮಾತ್ರ, "ಅದಕ್ಕಿಂತ ಮುಚ್ಚೋದು ವಾಸಿ" ಎಂದು ಹೊರಟುಹೋದರು. ಚಂದ್ರಕಲಾ ನೆಲ ನೋಡುತ್ತ, "ನಾನು ನಿಜ ಹೇಳ್ತೀನಿ ಸಾರ್" ಎಂದಳು.

ಚರ್ಚೆಯ ದಿನ ಸಭಾಂಗಣ ತುಂಬಿತ್ತು. ತರೀಕೆರೆ, ಅಜ್ಜಂಪುರ, ಬೀರೂರಿನಿಂದೆಲ್ಲ ಪಿ.ಯು. ಮಕ್ಕಳು ಬಂದಿದ್ದರು. ನಿರೂಪಣೆ ನನ್ನದು. ರೈಲ್ವೆ ಸ್ಟೇಷನ್ನಿನ ಅನೌನ್ಸರ್ ದನಿಯಲ್ಲಿ ಪ್ರಸನ್ನನನ್ನು ಮೂರನೇ ಪ್ಲಾಟ್‌ಫಾರ್ಮಿಗೆ ಕರೆದೆ. ಮಕ್ಕಳು ಚಪ್ಪಾಳೆ ಹೊಡೆದರು. ಆ ದಿನ ಮನಸ್ಸಿಟ್ಟು ಅವರು ಕೇಳಿದ್ದು ಬಹುಶಃ ಅದೊಂದನ್ನೇ.

ಪ್ರಸನ್ನ ಚೆನ್ನಾಗಿ ಮಾತಾಡಿದ. "ಲ್ಯಾಬಿನಲ್ಲಿ ಆರಿಸೋದು ಮನುಷ್ಯನ ಕೈ. ಪ್ರಕೃತಿಗೆ ಕೈ ಇಲ್ಲ. ಬಾಟಲಿಯಲ್ಲಿ ನಡೆದಿದ್ದು ಬಾಟಲಿಗೆ ಮಾತ್ರ ನಿಜ" ಎಂದ.

ಚಂದ್ರಕಲಾ ಎದ್ದಳು. "ಮಳೆ ಕೈಕೊಟ್ಟ ವರ್ಷ ನಮ್ಮ ಮಂದೇಲಿ ಕೆಲವು ಕುರಿ ತಡ್ಕೋತವೆ, ಕೆಲವು ತಡ್ಕೊಳಲ್ಲ. ಮುಂದಿನ ವರ್ಷ ಮರಿ ಹಾಕೋದು ತಡ್ಕಂಡಿದ್ದು. ಅಲ್ಲಿ ಯಾರ ಕೈ ಇತ್ತು? ಬಿಸಿಲು ಮಾಡೋ ಕೆಲಸಾನ ಲ್ಯಾಬಲ್ಲಿ ನಾನು ಮಾಡ್ದೆ. ನೊಣ ಹಸು ಆಗುತ್ತೆ ಅಂತ ನಾನು ಹೇಳ್ತಿಲ್ಲ. ತಡ್ಕೊಳೋ ಗುಣ ತಲೆಮಾರಿಂದ ತಲೆಮಾರಿಗೆ ಹೆಚ್ಚುತ್ತಾ ಅಂತ ನೋಡೋಕೆ ಹೊರಟಿದ್ದೆ."

ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು ಮುಂದಕ್ಕೆ ಬಾಗಿ ಕೂತರು. ಗೆದ್ದೆವು ಅಂದುಕೊಂಡೆ.

"ಆದ್ರೆ ತೋರಿಸೋಕೆ ಆಗಲ್ಲ" ಎಂದಳು. ಹೊಗೆಯ ವಿಷಯ ಹೇಳಿದಳು, ಎರಡು ಸಾಲು ಬೆರೆಸಿದ್ದನ್ನೂ ಹೇಳಿದಳು. "ನಮ್ಮ ಪ್ರಯೋಗದಿಂದ ಹೌದು ಅಂತಾನೂ ಹೇಳಂಗಿಲ್ಲ, ಇಲ್ಲ ಅಂತಾನೂ ಹೇಳಂಗಿಲ್ಲ."

ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಪ್ರಸನ್ನನೂ ಚಪ್ಪಾಳೆ ಹೊಡೆದ. ಕಾರ್ಯದರ್ಶಿಗಳು ವೇದಿಕೆಗೆ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. "ಇಂಥ ಮಕ್ಕಳು ನಮ್ಮ ಸಂಸ್ಥೆಯ ಹೆಮ್ಮೆ" ಎಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ಆ ಒದ್ದೆ ಕಣ್ಣಿನಲ್ಲೇ, ಊಟದ ಹೊತ್ತಿಗೆ, ರುದ್ರಪ್ಪ ಸರ್ ಅವರ ಕೈ ಹಿಡಿದುಕೊಂಡು ಹೇಳಿದರು: "ಏನ್ ಮಾಡೋದು ಮೇಷ್ಟ್ರೇ, ವಿಭಾಗ ಮುಚ್ಚಬೇಕಾಗುತ್ತೆ. ಲ್ಯಾಬಿಂದ ಏನೂ ಹೇಳೋಕಾಗಲ್ಲ ಅಂತ ನಿಮ್ಮ ಹುಡುಗೀನೇ ಒಪ್ಕೊಂಡ್ಲಲ್ಲ."

"ಈ ಪ್ರಯೋಗದಿಂದ ಅಂದ್ಲು ಯಜಮಾನ್ರೇ. ಎಲ್ಲ ಪ್ರಯೋಗದಿಂದಲೂ ಅಂತ ಅನ್ಲಿಲ್ಲ."

"ಇರ್ಬೋದು. ಕೇಳಿದ ಮಕ್ಕಳಿಗೆ ಹಂಗೆ ಕೇಳಿಸ್ತಲ್ಲ."

ನಿಜವನ್ನು ಎಷ್ಟು ಬೇಕೋ ಅಷ್ಟೇ ಅಳೆದು ಹೇಳುವುದನ್ನು ನಾವೇ ಕಲಿಸಿದ್ದು. ಅಳೆದು ಹೇಳಿದವಳು ಸೋತಳು. ಅಳತೆ ಬಿಟ್ಟು, ನೊಣ ನೊಣವೇ ಎಂದ ಪ್ರಸನ್ನನೂ ಗೆಲ್ಲಲಿಲ್ಲ, ಪಾಪ; ಮುಚ್ಚಿದ್ದು ಅವನ ವಿಭಾಗವೂ ಹೌದು. ಅವನನ್ನು ಮನೆಯವರು ಶಿವಮೊಗ್ಗಕ್ಕೆ ಕಳಿಸಿದರು.

ವರ್ಷದ ಕೊನೆಗೆ ಲ್ಯಾಬು ಒಪ್ಪಿಸುವ ದಿನ ಬಂತು. ಬಾಟಲಿಗಳನ್ನು ತೊಳೆದು ಖಾಲಿ ಕೊಡಬೇಕೆಂದು ಸ್ಟೋರಿನವರು ಬಾಗಿಲಲ್ಲೇ ನಿಂತಿದ್ದರು. ರುದ್ರಪ್ಪ ಸರ್ ಆ ದಿನ ಬರಲಿಲ್ಲ. ಚಂದ್ರಕಲಾ ಬಂದಳು. ಬೆರೆತ ನೊಣಗಳು ಅಷ್ಟರಲ್ಲಿ ಹಲವು ಬಾಟಲಿ ತುಂಬಿದ್ದವು.

"ಸಾರ್, ಬೆರಕೆ ಮಂದೇಲಿ ತರಾವರಿ ಗುಣ ಇರ್ತವೆ. ಇವನ್ನೇ ಮತ್ತೆ ಎರಡು ಸಾಲು ಮಾಡಿ ಮೊದಲಿಂದ ಶುರು ಮಾಡ್ಬೋದು."

ಅವಳು ಹೇಳಿದ್ದು ಅಪ್ಪಟ ಸರಿ. ಅದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಯೋಚಿಸಿರಲಿಲ್ಲ. "ಎಲ್ಲಿ ಇಡೋಣಮ್ಮಾ?" ಎಂದೆ. ಅವಳು ಸುತ್ತ ನೋಡಿದಳು. ಗೋಡೆಯುದ್ದಕ್ಕೂ ಕಂಪ್ಯೂಟರಿಗೆ ವೈರು ಎಳೆಯುತ್ತಿದ್ದರು. ಸಾಬೂನು ನೀರಿನ ಬೋಗುಣಿಯನ್ನು ಅವಳೇ ಹತ್ತಿರ ಎಳೆದುಕೊಂಡು, ಬಾಟಲಿಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ತಟ್ಟಿದಳು. ನಾನು ತೊಳೆದು ಕೊಟ್ಟೆ.

ಕೊನೆಯ ಬಾಟಲಿ ಆದ ಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದಳು. "ನಾನು ಅವತ್ತು ಕೂಡ್ದೇ ಇದ್ದಿದ್ರೆ ವಿಭಾಗ ಉಳೀತಿತ್ತಾ ಸಾರ್?"

ಅವಳನ್ನು ನಗಿಸಬೇಕೆನಿಸಿತು. "ಹ್ಹುಂ. ವಿಷಯ ಏನಪ್ಪಾ ಅಂದ್ರೆ" ಎಂದು ಶುರು ಮಾಡಿದೆ.

"ಬ್ಯಾಡ ಸಾರ್. ನಿಮ್ಮ ದನೀಲಿ ಹೇಳಿ."

ನನ್ನ ದನಿ ಹುಡುಕಲು ಹೋದೆ. ಉಳೀತಿರಲಿಲ್ಲ, ಅವರು ಮೊದಲೇ ತೀರ್ಮಾನಿಸಿದ್ದರು ಎಂದರೆ ಅವಳು ರಾತ್ರಿ ನಿದ್ದೆ ಮಾಡಬಹುದಿತ್ತು. ಆದರೆ ಮುಂದಕ್ಕೆ ಬಾಗಿ ಕೂತಿದ್ದ ಕಾರ್ಯದರ್ಶಿಗಳನ್ನು ಅವಳೂ ನೋಡಿದ್ದಳು.

"ಗೊತ್ತಿಲ್ಲ ಕಣಮ್ಮಾ" ಎಂದೆ.

ಅವಳು ತಲೆಯಾಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಯಗಟಿ ಬಸ್ಸಿಗೆ ಹೊರಟಳು. ಸ್ಟೋರಿನವರು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿ ತೊಳೆದಿದ್ದೀರಿ ಎಂದರು.